ಮೇಲಂತಸ್ತಿನ ಸೊನ್ನೆ

ಮೊನ್ನೆ ಹುಣಸೂರು ದಾಟಿದ ಮೇಲೆ ಜಡಿಮಳೆ ಜೋರಾಯಿತೆಂದು ಬಸ್ಸಿನ ಕಿಟಕಿ ಎಳೆಯಲು ಕೈ ಎತ್ತಿದ್ದೆ. ಗಾಜು ಅರ್ಧ ಮುಚ್ಚುವಷ್ಟರಲ್ಲಿ ಆ ವಾಸನೆ ಒಳಗೆ ಬಂದಿತ್ತು. ಬ್ಯಾರನ್ನಿನೊಳಗೆ ಹೊಗೆಸೊಪ್ಪು ಹದವಾಗುವ ವಾಸನೆ. ಪಕ್ಕದ ಸೀಟಿನಲ್ಲಿ ಮಡಿಕೇರಿಗೆ ಹೊರಟಿದ್ದ ಹೆಂಗಸೊಬ್ಬರು ಮೂಗರಳಿಸಿ, "ಎಷ್ಟು ಚೆನ್ನಾಗಿದೆ ಅಲ್ವಾ, ಜೇನು ಕಾಯಿಸಿದ ಹಾಗೆ" ಎಂದರು. ಯಾರು ಏನೇ ಹೇಳಿದರೂ ಒಂದು ಎದುರು ಮಾತು ನನ್ನ ನಾಲಿಗೆಯ ಮೇಲಿರುತ್ತದೆ. ಆವತ್ತು ಮಾತ್ರ ಕಿಟಕಿಯನ್ನು ಪೂರ್ತಿ ಮುಚ್ಚಿ, ಕೊಪ್ಪ ಬರುವವರೆಗೂ ಬಾಯಿಯಲ್ಲಿ ಉಸಿರಾಡಿದೆ.

ಆ ವಾಸನೆಯ ಪರಿಚಯವಾದ ವರ್ಷ ನನ್ನ ಎಂಜಿನಿಯರಿಂಗ್ ಆಗಷ್ಟೇ ಮುಗಿದಿತ್ತು. ಅಂಕಗಳ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳಿದ್ದವು. ಎದುರಾಳಿಯ ಅತ್ಯಂತ ಗಟ್ಟಿ ಮಾತನ್ನು ಮೊದಲು ಎತ್ತಿಕೊಳ್ಳಬೇಕು, ಸಡಿಲ ಮಾತನ್ನು ಹಿಡಿದು ಜಗ್ಗುವುದು ಹೇಡಿತನ ಎಂದು ನಮಗೆ ಕಲಿಸಿದ್ದರು. ಈ ಶಿಸ್ತಿನೊಡನೆ ಮೈಸೂರಿನ ಒಂದು ಪುಟ್ಟ ಕಂಪನಿಗೆ ಸೇರಿದೆ. ಅಲ್ಲಿ ನನ್ನ ಜೊತೆ ಇದ್ದವನು ಮಧು. ಗಾವಡಗೆರೆಯವನು, ನನ್ನ ಕ್ಲಾಸಿನವನೇ. ನಾನು ಮಾತಾಡಿ ಮುಗಿಸುವಷ್ಟರಲ್ಲಿ ಅವನು ಕೆಲಸ ಮಾಡಿ ಮುಗಿಸಿರುತ್ತಿದ್ದ. ಇದು ಹೊಗಳಿಕೆ ಎಂದು ಅವನು ತಿಳಿದಿದ್ದ, ನಾನು ಹಾಗೆ ತಿಳಿದಿರಲಿಲ್ಲ.

ನಮ್ಮಿಬ್ಬರನ್ನೂ ಹೊಗೆಸೊಪ್ಪು ಬೇಯಿಸಿ ಹದಮಾಡುವ ಹಂಗಾಮಿಗೆಂದು ಹಾರನಹಳ್ಳಿ ಹೋಬಳಿಯ ಒಂದು ಊರಿಗೆ ಕಳಿಸಿದರು. ಆ ಊರಿನಲ್ಲಿ ಬ್ಯಾರನ್ನುಗಳು ಮನೆಗಳಿಂದ ದೂರ, ರಸ್ತೆಯ ಉದ್ದಕ್ಕೆ ಮೂರು ಸಾಲಿನಲ್ಲಿದ್ದವು: ಮೇಲ್ಸಾಲು, ನಡುಸಾಲು, ಕೆರೆಸಾಲು. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ. ಒಳಗೆ ನೆಲದಿಂದ ಸೂರಿನವರೆಗೆ ಅಟ್ಟಣೆಗಳ ಮೇಲೆ ಸೊಪ್ಪು ಕಟ್ಟಿದ ಕಡ್ಡಿಗಳು ಸಾಲಾಗಿ ತೂಗುತ್ತವೆ. ಹೊರಗಿನ ಒಲೆಯ ಬಿಸಿ ದಪ್ಪ ಕಬ್ಬಿಣದ ಕೊಳವೆಯಲ್ಲಿ ಕೋಣೆಯ ನೆಲದ ಸುತ್ತ ಹರಿಯುತ್ತದೆ. ಮೊದಲು ಎಲೆ ಹಣ್ಣಾಗಬೇಕು, ಆಮೇಲೆ ಒಣಗಬೇಕು, ಕೊನೆಗೆ ಎಲೆಯ ನಡುವಿನ ದಂಟು ಒಣಗಬೇಕು. ದಂಟಿನ ಹೊತ್ತಿಗೆ ಒಲೆಗೆ ಸೌದೆ ತುಂಬಿ ತುಂಬಿ ಹಾಕುತ್ತಾರೆ. ಆಗ ಮೇಲಿನ ಅಟ್ಟಣೆಯಿಂದ ಒಂದೇ ಒಂದು ಒಣಎಲೆ ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಮುಗಿಯಿತು. ಕೋಣೆಯೇ ಒಂದು ಚಿಲುಮೆಯಾಗುತ್ತದೆ.

ಅದನ್ನು ಮೊದಲೇ ಹೇಳುವ ಬಾಕ್ಸು ನಮ್ಮದು. ಪ್ರತಿ ಬ್ಯಾರನ್ನಿನೊಳಗೆ ಒಂದು ಸೆನ್ಸರ್. ಸೆನ್ಸರುಗಳ ವೈರೆಲ್ಲ ಕೆರೆಸಾಲಿನ ಯಜಮಾನರಾದ ಮಹದೇವಪ್ಪನವರ ಜಗಲಿಗೆ ಬಂದು ಒಂದು ಬಾಕ್ಸಿನೊಳಗೆ ಸೇರುತ್ತಿದ್ದವು. ಬಾಕ್ಸಿನ ಮುಖದ ಮೇಲೆ ಸಾಲಿಗೊಂದರಂತೆ ಕೆಂಪು ದೀಪ, ಸೂರಿನ ಮೇಲೆ ಒಂದು ಸೈರನ್. ಒಳಗಿನ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದವನು ಮಧು. ಅದರ ಹೃದಯದಲ್ಲಿ ಇದ್ದದ್ದು ಅಂತಸ್ತುಗಳ ಬಿಟ್‌ಮ್ಯಾಪ್.

ಹೆಸರಿಗೆ ಹೆದರಬೇಕಿಲ್ಲ. ಬಿಟ್ ಎಂದರೆ ಸೊನ್ನೆಯಾಗಲಿ ಒಂದಾಗಲಿ ಹಿಡಿಯಬಲ್ಲ ಒಂದು ಗುಳಿ. ಮಧು ಪ್ರತಿ ಬ್ಯಾರನ್ನಿಗೂ ಒಂದು ಗುಳಿ ಕೊಟ್ಟಿದ್ದ. ಬ್ಯಾರನ್ ಹದದಲ್ಲಿದ್ದರೆ ಸೊನ್ನೆ, ಮಿತಿ ಮೀರಿ ಕಾದರೆ ಒಂದು. ಇದು ಕೆಳಗಿನ ಅಂತಸ್ತು. ಒಂದು ಸಾಲಿನ ಗುಳಿಗಳ ಮೇಲೆ ಆ ಇಡೀ ಸಾಲಿಗೆ ಒಂದೇ ಗುಳಿ; ಕೆಳಗೆ ಯಾವುದೊಂದು ಬ್ಯಾರನ್ ಕಾದರೂ ಇದು ಒಂದಾಗುತ್ತದೆ. ಇದು ಮೇಲಂತಸ್ತು. ಬಾಕ್ಸು ಆಗಾಗ ಎಚ್ಚರಾಗಿ ಮೇಲಂತಸ್ತನ್ನು ಮಾತ್ರ ನೋಡುತ್ತದೆ. ಅಲ್ಲಿ ಸೊನ್ನೆಯಿದ್ದರೆ ಕೆಳಗೆ ಇಳಿಯುವುದೇ ಇಲ್ಲ, ಮತ್ತೆ ಮಲಗುತ್ತದೆ. ಇಳಿಯದಿರುವುದೇ ಅದರ ಜಾಣತನ. ಮೋಡದ ದಿನಗಳಲ್ಲಿ ಸೋಲಾರ್ ಬ್ಯಾಟರಿ ಉಳಿಯುವುದು ಹಾಗೆ.

"ಮೂರು ಸಾಲಿಗೆ ಅಂತಸ್ತು ಯಾಕೋ? ಎಲ್ಲವನ್ನೂ ಒಂದೊಂದಾಗಿ ನೋಡಿದರೆ ಆಗಲ್ವಾ?" ಎಂದು ನಾನು ಕೇಳಿದ್ದೆ.

"ಇವತ್ತು ಮೂರು ಸಾಲು ಕಣೇ. ನಾಳೆ ತಾಲ್ಲೂಕು, ನಾಡಿದ್ದು ಎಚ್.ಡಿ. ಕೋಟೆವರೆಗೂ ಇದೇ ಕೋಡು. ನೀನು ಗುಡಿಸಲು ನೋಡ್ತಿದೀಯ, ನಾನು ಊರು ಕಟ್ತಿದೀನಿ."

"ಊರಿಗಿಂತ ಮೊದಲು ಪಾಯ ನೋಡ್ಕೋ."

"ವಾದಕ್ಕೆ ಕಪ್ಪು ಕೊಡ್ತಾರೆ, ಪಾಯಕ್ಕೆ ಕೊಡಲ್ಲ. ಬುಡು."

ಮಹದೇವಪ್ಪನವರ ಮನೆಯಲ್ಲೇ ನಮ್ಮ ಊಟ, ವಸತಿ. ಹಣೆ ತುಂಬ ವಿಭೂತಿ, ತೂಕದ ಮಾತು, ಊರಿನಲ್ಲಿ ಯಾರೂ ಎದುರು ಕೂರದ ಮನುಷ್ಯ. ಆ ಊರಿನಲ್ಲಿ ಒಂದು ಪದ್ಧತಿಯಿತ್ತು, ಬೇರೆಲ್ಲೂ ನಾನು ಕಂಡಿಲ್ಲ. ಬೇಯಿಸುವ ಹಂಗಾಮಿನಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮೂರು ಸಾಲಿನ ಯಜಮಾನರೂ ರಸ್ತೆಗೆ ಬಂದು ನಿಂತು ಒಬ್ಬರನ್ನೊಬ್ಬರು ಕೇಳುತ್ತಾರೆ. "ನಿಮ್ ಸಾಲು ಹೆಂಗದೆ?" ಉತ್ತರ ಒಂದೇ: "ತಣ್ಣಗದೆ." ಅಷ್ಟು ಹೇಳಿ ತಿರುಗಿ ಹೋಗುತ್ತಾರೆ. ಬೆಂಕಿ ಎಂಬ ಮಾತನ್ನು ಆ ತಿಂಗಳುಗಳಲ್ಲಿ ಬ್ಯಾರನ್ನಿನ ಹತ್ತಿರ ಯಾರೂ ಆಡುವುದಿಲ್ಲ.

ಎರಡು ಮೂರು ಸಂಜೆ ನೋಡಿದ ಮೇಲೆ ತಡೆಯಲಾಗದೆ ಕೇಳಿಯೇ ಬಿಟ್ಟೆ. "ಯಜಮಾನ್ರೇ, ನೀವು ಸಾಲಿನ ಕಡೆ ಹೋಗೇ ಇಲ್ಲ. ಜಗಲಿಯಿಂದೆದ್ದು ಬಂದು ತಣ್ಣಗದೆ ಅಂದ್ರಿ. ನಿಮಗೆ ಹೆಂಗೆ ಗೊತ್ತು?"

ಅವರು ನಕ್ಕರು. "ಗೊತ್ತಾಗಿ ಹೇಳೋದಲ್ಲ ಕಣವ್ವ. ಹೇಳಿದ್ ಮೇಲೆ ಅಂಗೇ ಇರಬೇಕು ಅಂತ ಹೇಳೋದು."

"ಅದು ಹಾರೈಕೆ, ಸುದ್ದಿಯಲ್ಲ. ಜನ ಅದನ್ನ ಸುದ್ದಿ ಅಂದ್ಕೊಂಡು ನಿದ್ದೆ ಮಾಡ್ತಾರೆ."

"ನೋಡು ಮಗಾ. ನಾನು ದಿನಾ ಸಂಜೆ ಏನೋ ಗೊತ್ತಿಲ್ಲ, ನೋಡ್ಕಳ್ಳಿ ಅಂದ್ರೆ, ಒಬ್ಬ ಕಡ್ಡಿ ಇಳಿಸ್ತಾನೆ, ಒಬ್ಬ ಒಲೆ ಆರುಸ್ತಾನೆ, ಇಡೀ ಸಾಲಿನ ಸೊಪ್ಪು ಕಪ್ಪಗಾಯ್ತದೆ. ಯಜಮಾನ ಅನ್ನೋನು ಇರೋದು ಸುದ್ದಿ ಹೇಳಕ್ಕಲ್ಲ, ಸಮಾಧಾನ ಹೇಳಕ್ಕೆ."

ಇದು ಗಟ್ಟಿ ಮಾತು ಎಂದು ಒಪ್ಪಿಕೊಳ್ಳಬೇಕು. ಗಾಬರಿಗೂ ಒಂದು ಬೆಲೆಯಿದೆ. ಆದರೆ ಸಮಾಧಾನ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಬಿಸಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಎರಡಕ್ಕೂ ಒಂದೇ ದಾರಿ ಮಾಡಿದರೆ ನಡುವೆ ಡಿಕ್ಕಿಯಾಗುತ್ತದೆ ಎಂದೆ. ಮಧು ತಟ್ಟೆಯಿಂದ ತಲೆ ಎತ್ತಿ, "ಸಮಯ ಮುಗೀತು, ಬೆಲ್ ಹೊಡೀರಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೆರೆಸಾಲಿನ ಕೊನೆಯ ಬ್ಯಾರನ್ ನಿಂಗೇಗೌಡರದು. ಆ ಮಳೆಗಾಲದ ಶುರುವಿನಲ್ಲಿ ಕಡ್ಡಿ ತೂಗಿಸುವಾಗ ಮೇಲಿನ ಅಟ್ಟಣೆಯಿಂದ ಕಾಲು ಜಾರಿ ಬಿದ್ದಿದ್ದರು. ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರ್. ಬ್ಯಾರನ್ನಿನ ಗೋಡೆಗೆ ಒತ್ತಿ ಕಟ್ಟಿದ ತಗಡಿನ ಚಪ್ಪರದಲ್ಲಿ ಒಲೆಯ ಪಕ್ಕ ಅವರ ಮಂಚ. ಮಲಗಿದ್ದಲ್ಲಿಂದಲೇ ಕೈ ಚಾಚಿ ಸೌದೆ ತಳ್ಳುತ್ತಿದ್ದರು. ಯಾರಾದರೂ ಇಬ್ಬರು ಹಿಡಿದು ಎತ್ತಿದರೆ ಉಂಟು, ಇಲ್ಲದಿದ್ದರೆ ಮಂಚ ಬಿಟ್ಟು ಕದಲುವಂತಿರಲಿಲ್ಲ. ಹೆಂಡತಿ ತಾಯಮ್ಮ ಮೊದಮೊದಲು ಅವರ ಪಕ್ಕದಲ್ಲೇ ಇರುತ್ತಿದ್ದರು. ಆದರೆ ಹೊಲದಲ್ಲಿ ಸೊಪ್ಪು ಮುರಿಯದೆ ಬಿಟ್ಟರೆ ಬಲಿತು ಕೆಡುತ್ತದೆ. ಬಾಕ್ಸು ಬಂದ ಮೇಲೆ ಮಹದೇವಪ್ಪನವರೇ ಅವರಿಗೆ ಹೇಳಿದರು: "ಬಾಕ್ಸ್ ನೋಡ್ಕತದೆ, ನೀ ಹೊಲಕ್ಕೋಗು ತಾಯಮ್ಮ." ಬೆಳಗಾದರೆ ತಾಯಮ್ಮ ಹೊಲಕ್ಕೆ, ಗೌಡರು ಮಂಚಕ್ಕೆ. ನಡುವೆ ನಮ್ಮ ಬಾಕ್ಸು.

ನಾನು ಆ ಕಡೆ ಹೋದಾಗಲೆಲ್ಲ ಗೌಡರು ಕೆಣಕುತ್ತಿದ್ದರು. "ಬಾರವ್ವ ಲಾಯ್ರಮ್ಮ. ಇವತ್ತು ಯಾರ್ ಮ್ಯಾಲೆ ಕೇಸು?"

"ನಿಮ್ ಮೇಲೇ ಗೌಡ್ರೇ. ಹಸಿ ಸೌದೆ ಹಾಕ್ತಿದೀರ, ಹೊಗೆ ನೋಡಿ."

"ಮಳೇಲಿ ಒಣಸೌದೆ ಎಲ್ಲಿಂದ ತರ್ಲಿ? ನಿನ್ ಬಾಯ್ ಮುಂದೆ ಇಟ್ರೆ ಒಣಗ್ತದೇನೋ, ಇಟ್ ನೋಡ್ಲಾ?"

ಮೊದಲ ವಾರದಲ್ಲೇ ಒಂದು ತೊಡಕು ಕಂಡಿತು. ದಂಟು ಒಣಗಿಸುವ ಹಂತದ ಬಿಸಿಗೂ ನಿಜವಾಗಿ ಹತ್ತಿಕೊಂಡ ಬಿಸಿಗೂ ಇರುವ ವ್ಯತ್ಯಾಸ ನಮ್ಮ ಅಗ್ಗದ ಸೆನ್ಸರಿಗೆ ತಿಳಿಯುತ್ತಿರಲಿಲ್ಲ. ಯಾವ ಬ್ಯಾರನ್ ದಂಟಿಗೆ ಬಂದರೂ ಸೈರನ್ ಹೊಡೆದುಕೊಳ್ಳುತ್ತಿತ್ತು. ತಾಯಮ್ಮ ಹೊಲದಿಂದ ಸೆರಗು ಕಟ್ಟಿಕೊಂಡು, ಸೊಪ್ಪಿನ ಅಂಟು ಮೆತ್ತಿದ ಕಪ್ಪು ಕೈಗಳಲ್ಲೇ ಓಡಿ ಬಂದರು. ಏನೂ ಆಗಿರಲಿಲ್ಲ. ಮಾರನೇ ದಿನ ಮತ್ತೆ ಓಡಿ ಬಂದರು. ಆವತ್ತೂ ಏನೂ ಆಗಿರಲಿಲ್ಲ. "ನಿಮ್ ಸಿಳ್ಳೆಗೆ ನಂಗ್ ಎದೆ ಒಡೀತದೆ ಕಣ್ರಪ್ಪಾ" ಎಂದು ಜಗಲಿಯ ಮೇಲೆ ಕೂತುಬಿಟ್ಟರು.

ಆಗ ಮಹದೇವಪ್ಪನವರು ಒಂದು ಗುಂಡಿ ಕೇಳಿದರು. "ದಂಟಿಗೆ ಬಂದಿರೋದು ನಂಗೊತ್ತಾಯ್ತದೆ. ನಾನು ಒತ್ತಿದ್ರೆ ಸಾಲು ತಣ್ಣಗಾಗ್ಬೇಕು. ಯಜಮಾನ ಹೇಳಿದ್ ಮೇಲೆ ಮುಗೀತು."

ಮಧು ಒಂದೇ ಮಧ್ಯಾಹ್ನದಲ್ಲಿ ಗುಂಡಿ ಇಟ್ಟುಕೊಟ್ಟ. ಒತ್ತಿದರೆ ಆ ಸಾಲಿನ ಮೇಲಂತಸ್ತಿನ ಬಿಟ್ ನೇರವಾಗಿ ಸೊನ್ನೆಯಾಗುತ್ತಿತ್ತು. ದೀಪ ಆರಿ, ಸೈರನ್ ನಿಲ್ಲುತ್ತಿತ್ತು. ಸೈರನ್ನಿನ ಬಾಯಿ ಮುಚ್ಚಿಸುವುದು ಬೇರೆ, ಬಿಸಿಯೇ ಇಲ್ಲವೆಂದು ಬರೆಯುವುದು ಬೇರೆ ಎಂದು ನಾನು ತಕರಾರು ತೆಗೆದೆ. ಅವನು, "ಕೆಳಗಿನ ಬಿಟ್ ಹಾಗೇ ಇದೆಯಲ್ಲೇ. ಸುಳ್ಳೇನೂ ಹೇಳ್ತಿಲ್ಲ" ಎಂದ. ಒಂದು ಸೆನ್ಸರ್ ಕಾಯಿಸಿ, ಗುಂಡಿ ಒತ್ತಿ, ತಣಿಸಿ, ಮತ್ತೆ ಕಾಯಿಸಿ ತೋರಿಸಿದ. ಸೈರನ್ ಮತ್ತೆ ಬಡಿಯಿತು. ಸಾಕ್ಷ್ಯ ಅವನ ಕಡೆಗಿತ್ತು.

ಊರಿಗೆ ಬಾಕ್ಸಿನ ಮೇಲೆ ಪ್ರೀತಿ ಬಂತು. ಹೊಸ ಸೊಪ್ಪು ತುಂಬಿ ಬ್ಯಾರನ್ ಬಾಗಿಲು ಮುಚ್ಚುವ ದಿನ ಮಹದೇವಪ್ಪನವರು ಬಾಕ್ಸಿಗೂ ವಿಭೂತಿ ಬಳಿದು, ಮುಚ್ಚಳದ ಸುತ್ತ ಅರಿಶಿನದ ಕಂಕಣ ಕಟ್ಟಿದರು. ತಮ್ಮ ಬ್ಯಾರನ್ನಿನ ಸೊಪ್ಪು ಇಳಿಸುವವರೆಗೆ ಅದನ್ನು ಬಿಚ್ಚುವಂತಿಲ್ಲ. ಕಂಕಣ ಕಟ್ಟಿದ್ದು ನಡುವೆ ನಿಲ್ಲಬಾರದು ಎಂಬುದು ಅವರ ಮನೆಯ ನಡಾವಳಿ. ಮದುವೆಯ ಗಂಡಿನ ಹಾಗೆ ಕಾಣುತ್ತದೆ ಬಾಕ್ಸು ಎಂದು ಮಧು ಫೋಟೋ ತೆಗೆದ.

ಆಮೇಲೆ ಬಾಕ್ಸು ಸುಮ್ಮನಾಯಿತು.

ಮಳೆ ಬಿಟ್ಟೂ ಬಿಡದೆ ಹಿಡಿದಿತ್ತು. ಸಾಲಿನ ಎಲ್ಲ ಬ್ಯಾರನ್ನುಗಳ ಹೊಗೆ ಮೇಲೇರಲಾರದೆ ರಸ್ತೆಯ ಮೇಲೆ ಮಲಗುತ್ತಿತ್ತು. ಹತ್ತು ಮಾರಿನಾಚೆ ಬರುವವರ ಮುಖ ಗೊತ್ತಾಗುತ್ತಿರಲಿಲ್ಲ, ಕೆಮ್ಮಿನಿಂದ ಗುರುತಿಸಬೇಕು. ಸಂಜೆ ಯಜಮಾನರ ದನಿಗಳಷ್ಟೇ ಆ ಮಂಕಿನೊಳಗಿಂದ ಬರುತ್ತಿದ್ದವು. ಮೊದಲು ಪ್ರಶ್ನೆ, ಆಮೇಲೆ ಎಂದೂ ಬದಲಾಗದ ಉತ್ತರ. ಜಗಲಿಯ ಮೇಲೆ ದೀಪಗಳು ಹತ್ತುತ್ತಿರಲಿಲ್ಲ. "ಈಗ್ ಸರಿಯಾಗದೆ ನೋಡಿ ಬಾಕ್ಸು. ಮೊದ್ಲು ಸುಮ್ ಸುಮ್ನೆ ಕಿರುಚ್ತಿತ್ತು" ಎಂದು ಜನ ಮೆಚ್ಚಿಕೊಂಡರು.

ನನಗೆ ಮೆಚ್ಚಲು ಆಗಲಿಲ್ಲ. ಮಹದೇವಪ್ಪನವರ ಬ್ಯಾರನ್ ದಂಟಿಗೆ ಬಂದ ಬೆಳಿಗ್ಗೆ ಸೈರನ್ ಕೊನೆಯ ಸಲ ಬಡಿದಿತ್ತು. ಅವರು ಗುಂಡಿ ಒತ್ತಿದ್ದರು. ಸರಿ. ಮಾರನೇ ದಿನ ಅವರ ಪಕ್ಕದ ಬ್ಯಾರನ್ನೂ ದಂಟಿಗೆ ಬಂತು. ನಾನೇ ಹೋಗಿ ಅದರ ಬಾಗಿಲಿಗೆ ಅಂಗೈ ಇಟ್ಟು ನೋಡಿದೆ. ಅಂಗೈ ಇಡಲಾಗಲಿಲ್ಲ, ಅಷ್ಟು ಕಾದಿತ್ತು. ಸೈರನ್ ಬಡಿಯಲಿಲ್ಲ. ಬಡಿಯಬೇಕಿತ್ತಲ್ಲ? ಗುಂಡಿ ಒತ್ತಿದ್ದು ಮೊದಲಿನ ಬಿಸಿಗೆ. ಈ ಎರಡನೆಯ ಬಿಸಿಯನ್ನು ಯಾರು ಮುಚ್ಚಿದರು?

ಲ್ಯಾಪ್‌ಟಾಪ್ ತೆರೆದು ಮಧುವಿನ ಕೋಡನ್ನು ಮೊದಲಿನಿಂದ ಓದಿದೆ. ಅಚ್ಚುಕಟ್ಟಾದ ಕೋಡು. ಒಂದು ಬ್ಯಾರನ್ ಕಾದರೆ ಕೆಳಗಿನ ಬಿಟ್ಟನ್ನು ಒಂದು ಮಾಡುತ್ತಿತ್ತು. ಆಮೇಲೆ ಒಂದು 'ಇಫ್': ಆ ಸಾಲಿನ ಕೆಳಗಿನ ಗುಳಿಗಳೆಲ್ಲ ಅಲ್ಲಿಯವರೆಗೆ ಸೊನ್ನೆಯಾಗಿದ್ದರೆ ಮಾತ್ರ ಮೇಲಂತಸ್ತಿಗೆ ಹೋಗಿ ಹೇಳು. ಮೊದಲೇ ಯಾವುದಾದರೂ ಒಂದು ಇದ್ದರೆ ಮೇಲಿನವನಿಗೆ ಆಗಲೇ ಗೊತ್ತಿರುತ್ತದೆ, ಮತ್ತೆ ಹತ್ತಿ ಹೋಗುವುದು ದಂಡ. ಗುಂಡಿ ಇಲ್ಲದಿದ್ದಾಗ ಈ ಮಾತು ನೂರಕ್ಕೆ ನೂರು ನಿಜ. ಗುಂಡಿ ಬಂದ ಮೇಲೆ? ಮೇಲಿನವನಿಗೆ ಗೊತ್ತಿದ್ದದ್ದನ್ನು ಯಜಮಾನರು ಒರೆಸಿದ್ದಾರೆ. ಕೆಳಗೆ ಒಂದು ಬ್ಯಾರನ್ ಇನ್ನೂ ಕಾದೇ ಇದೆ. ಈಗ ಎರಡನೆಯದು, ಮೂರನೆಯದು, ಕೊನೆಯದು ಕಾದರೂ ಪ್ರತಿಯೊಂದೂ ತನಗಿಂತ ಮೊದಲು ಯಾರೋ ಹೇಳಿದ್ದಾರೆಂದು ಸುಮ್ಮನಾಗುತ್ತದೆ. ಬಾಕ್ಸು ಎಚ್ಚರಾಗುತ್ತದೆ, ಮೇಲೆ ಸೊನ್ನೆ ನೋಡುತ್ತದೆ, ಮಲಗುತ್ತದೆ. ಒಂದು ಬ್ಯಾರನ್ನಿಗೆಂದು ಹೇಳಿದ ಸಮಾಧಾನ ಇಡೀ ಸಾಲನ್ನು ಕಿವುಡು ಮಾಡಿತ್ತು.

"ನೀನು ಟೆಸ್ಟ್ ಮಾಡಿದ್ದು ಒಂದೇ ಸೆನ್ಸರಲ್ಲಿ" ಎಂದೆ.

ಮಧು ಲ್ಯಾಪ್‌ಟಾಪ್ ಎಳೆದುಕೊಂಡು ಓದಿದ. ಮುಖದ ನಗು ಹಾಗೇ ಇತ್ತು, ಕಣ್ಣಿನಿಂದ ಮಾತ್ರ ಹೋಗಿತ್ತು. "ಬಾಯಲ್ಲಿ ಬೇಡ. ತೋರಿಸು" ಎಂದ.

ನಮ್ಮ ಹತ್ತಿರ ಒಂದು ಬದಲಿ ಬಾಕ್ಸು, ಎರಡು ಬಿಡಿ ಸೆನ್ಸರ್ ಇದ್ದವು. ಅಡುಗೆಮನೆಯಿಂದ ಎರಡು ಲೋಟ ಕುದಿಯುವ ಕಾಫಿ ತಂದೆ. ಸೆನ್ಸರಿನ ಮಿತಿಯನ್ನು ಕಾಫಿಯ ಬಿಸಿಗೆ ಇಳಿಸಿಕೊಂಡೆವು. ಮೊದಲ ಲೋಟಕ್ಕೆ ಒಂದು ಸೆನ್ಸರ್ ಅದ್ದಿದ. ದೀಪ ಹತ್ತಿತು. ಗುಂಡಿ ಒತ್ತಿದ. ಆರಿತು. ಮೊದಲನೆಯದನ್ನು ಲೋಟದಲ್ಲೇ ಬಿಟ್ಟು, ಎರಡನೆಯ ಲೋಟಕ್ಕೆ ಇನ್ನೊಂದನ್ನು ಅದ್ದಿದ. ಹಬೆ ಏರುತ್ತಿತ್ತು. ದೀಪ ಹತ್ತಲಿಲ್ಲ. ಅವನು ಸೆನ್ಸರನ್ನು ಇನ್ನೂ ಆಳಕ್ಕೆ ಒತ್ತಿ ಬೆರಳು ಸುಟ್ಟುಕೊಂಡ. ದೀಪ ಹತ್ತಲೇ ಇಲ್ಲ.

"ಎದ್ದೇಳು" ಎಂದ.

ಮಹದೇವಪ್ಪನವರು ಮಧ್ಯಾಹ್ನದ ಊಟ ಮುಗಿಸಿ ಜಗಲಿಯ ಮೇಲೆ ಕೂತಿದ್ದರು. ಮಧು ವಿಷಯ ಹೇಳಿದ. ಅವನಿಗೆ ನನಗಿಂತ ಕಡಿಮೆ ಮಾತು ಸಾಕಾಗುತ್ತಿತ್ತು. "ಬಾಕ್ಸು ನಿಮ್ ಸಾಲನ್ನೇ ನೋಡ್ತಿಲ್ಲ ಯಜಮಾನ್ರೇ. ಆಮೇಲೆ ಸರಿ ಮಾಡ್ತೀನಿ, ಈಗ ಒಂದ್ ಸಲ ಆಫ್ ಮಾಡಿ ಆನ್ ಮಾಡಿದ್ರೂ ಸಾಕು, ಎಲ್ಲಾನೂ ಹೊಸದಾಗಿ ಓದ್ಕತದೆ."

"ಆಫ್ ಮಾಡೋ ಗುಂಡಿ ಎಲ್ಲದೆ?"

"ಮುಚ್ಚಳದ ಒಳಗೆ."

"ಕಂಕಣ ಬಿಚ್ಬೇಕು ಅನ್ನು."

"ನಿಮ್ದು ಇನ್ನೆರಡು ದಿನಕ್ಕೆ ಇಳೀತದೆ. ಎರಡು ದಿನ ಮುಂಚೆ ಬಿಚ್ಚಿದ್ರೆ ಏನಾಗತ್ತೆ?" ಎಂದು ನಾನು ನಡುವೆ ಬಾಯಿ ಹಾಕಿದೆ.

"ಏನಾಗತ್ತೋ ನಂಗೊತ್ತಿಲ್ಲ ಕಣವ್ವ. ಗೊತ್ತಾಗೋದು ಬ್ಯಾಡ ಅಂತ್ಲೇ ಕಟ್ಟೋದು." ಅವರು ಬಾಕ್ಸಿನ ಕಡೆ ಗಲ್ಲ ತೋರಿದರು. "ನೋಡು, ದೀಪ ಹತ್ತಿಲ್ಲ. ತಣ್ಣಗದೆ."

"ಅದೇ ಅಲ್ವಾ ನಾವು ಹೇಳ್ತಿರೋದು! ದೀಪ ಹತ್ತದೆ ಇರೋದು ತಣ್ಣಗಿರೋದಕ್ಕಲ್ಲ. ಅದಕ್ಕೆ ಕಣ್ಣಿಲ್ಲ."

"ನೀವೇ ತಂದಿಟ್ರಿ, ನೀವೇ ನಂಬಿ ಅಂದ್ರಿ. ಮೂರು ವಾರ ಊರು ಇದ್ನ ನಂಬ್ಕೊಂಡದೆ. ಇವತ್ ಊಟ ಆದ್ ಮ್ಯಾಲೆ ಬಂದು ನಂಬ್ಬೇಡಿ ಅಂತೀರಿ. ನಾಳೆ ಇನ್ನೇನ್ ಅಂತೀರೋ. ನಾನ್ಯಾವ್ ಮಾತ್ ಹಿಡೀಲಿ?"

ಅದು ಅವರ ಗಟ್ಟಿ ಮಾತು. ನಾನು ಅದನ್ನೇ ಮೊದಲು ಎತ್ತಿಕೊಳ್ಳಬೇಕಿತ್ತು. ಎತ್ತಿಕೊಳ್ಳಲು ಬಾಯಿ ತೆರೆದೆ. ಮಧು ಮುಚ್ಚಳದ ಕಡೆ ಕೈ ಚಾಚಿದ್ದ. ಮಹದೇವಪ್ಪನವರು ಅವನ ಕೈಯ ಮೇಲೆ ತಮ್ಮ ಕೈ ಇಟ್ಟಿದ್ದರು. ಒರಟಾಗಿ ಅಲ್ಲ, ಮೊಮ್ಮಗನ ಕೈ ಹಿಡಿದ ಹಾಗೆ. ಆ ಎರಡು ಕೈಗಳ ಕೆಳಗೆ ಹಳದಿ ದಾರ. ಅದರ ಮೇಲೆ ಆರಿದ ದೀಪ.

ಆಗ ವಾಸನೆ ಬದಲಾಯಿತು. ವಾರಗಟ್ಟಲೆ ಊರನ್ನು ಕವಿದಿದ್ದ ಸಿಹಿಯೊಳಗೆ ಒಂದು ಖಾರ ಸೇರಿಕೊಂಡಿತು. ನನಗೆ ಅನ್ನಿಸಿದ್ದೋ ನಿಜವೋ ತಿಳಿಯಲಿಲ್ಲ. ಹೊರಗೆ ನೋಡಿದರೆ ಮಳೆ, ಹೊಗೆ, ಮತ್ತೆ ಹೊಗೆ. ಯಾವ ಬ್ಯಾರನ್ನಿನದು ಯಾವುದೆಂದು ಹೇಳುವಂತಿರಲಿಲ್ಲ. ಚರ್ಚೆಯನ್ನು ನಡುವೆ ಬಿಟ್ಟು ಹೋದವರು ಸೋತಂತೆ. ಜಗಲಿಯಿಂದ ಇಳಿದು ಕೆರೆಸಾಲಿನ ಕೊನೆಯ ಕಡೆಗೆ ನಡೆದೆ. ಅರ್ಧ ದಾರಿಯಲ್ಲಿ ನಡಿಗೆ ಓಟವಾಯಿತು. ಹಿಂದೆ ಮಧುವಿನ ಚಪ್ಪಲಿಯ ಸದ್ದು ಕೇಳಿಸಿತು.

ನಿಂಗೇಗೌಡರ ಬ್ಯಾರನ್ನಿನ ಮೇಲಿನ ಕಿಂಡಿಯಿಂದ ಹೊಗೆ ಬರುತ್ತಿರಲಿಲ್ಲ, ಸುರಿಯುತ್ತಿತ್ತು. ಹಳದಿಯ, ಮಂದವಾದ, ಕೆಳಮುಖವಾಗಿ ಗೋಡೆ ಇಳಿಯುವ ಹೊಗೆ. ಬಾಗಿಲಿನ ಸಂದಿನಲ್ಲಿ ಕಿತ್ತಳೆ ಗೆರೆ. ಒಳಗಿನಿಂದ ದೊಡ್ಡ ಪ್ರಾಣಿಯೊಂದು ಉಸಿರೆಳೆದುಕೊಳ್ಳುವಂಥ ಸದ್ದು. ಚಪ್ಪರದೊಳಗೆ ಹೊಗೆ ಮಂಚದ ಮಟ್ಟಕ್ಕೆ ಇಳಿದಿತ್ತು. ಗೌಡರು ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡು ಮಲಗಿದ್ದರು. ನಿದ್ದೆಯಲ್ಲಿರಲಿಲ್ಲ. ಕಣ್ಣು ತೆರೆದಿತ್ತು, ಗೋಡೆಯನ್ನೇ ನೋಡುತ್ತಿದ್ದರು.

"ಗೌಡ್ರೇ!"

"ಓ ಬಾರವ್ವ" ಎಂದರು, ಕೆಮ್ಮುತ್ತ.

ಮಧು ತಲೆಯ ಕಡೆ, ನಾನು ಕಾಲಿನ ಕಡೆ. ಮಂಚ ಏಳಲಿಲ್ಲ, ಎಳೆದೆವು. ಒಂದು ಕಾಲು ಒಲೆಯ ಮುಂದಿನ ಸೌದೆಗೆ ಸಿಕ್ಕಿಕೊಂಡಿತು. ಮಧು ಸೌದೆಯನ್ನು ಒದ್ದ. ಗೌಡರು ನೋವಿಗೆ ಕೂಗಿದರು. ಆ ಊರಿನಲ್ಲಿ ಆ ದಿನ ಎಚ್ಚರಿಕೆಯೆಂದು ಎದ್ದ ಮೊದಲ ಸದ್ದು ಅದು. ರಸ್ತೆಯ ಮಣ್ಣಿಗೆ ಮಂಚ ಇಳಿಯುವಷ್ಟರಲ್ಲಿ ಬ್ಯಾರನ್ನಿನ ಹೆಂಚುಗಳು ಸಿಡಿಯತೊಡಗಿದವು. ಆಮೇಲೆ ಸೂರು ಒಳಕ್ಕೆ ಕುಸಿದು, ಒಳಗಿದ್ದದ್ದೆಲ್ಲ ಒಂದೇ ಉಸಿರಿಗೆ ಮೇಲೆದ್ದಿತು. ಚಪ್ಪರದ ತಗಡು ಕಾಗದದ ಹಾಗೆ ಮುದುಡಿಕೊಂಡಿತು. ಮಂಚವಿದ್ದ ಜಾಗ ಕಾಣಲಿಲ್ಲ.

ಜನ ಓಡಿ ಬಂದರು. ಕೊಡಪಾನ, ಬಕೆಟ್ಟು, ಕೆರೆಯ ನೀರು. ಪಕ್ಕದ ಬ್ಯಾರನ್ನಿನ ಗೋಡೆ ನೆನೆಸಿದರು, ಉರಿಯುವುದನ್ನು ಉರಿಯಲು ಬಿಟ್ಟರು. ತಾಯಮ್ಮ ಹೊಲದಿಂದ ಓಡಿ ಬಂದಾಗ ಮೊದಲು ನೋಡಿದ್ದು ಚಪ್ಪರದ ಕಡೆ. ಗಂಡ ರಸ್ತೆಯಲ್ಲಿದ್ದದ್ದು ಅವರ ಕಣ್ಣಿಗೆ ಬೀಳಲು ಸ್ವಲ್ಪ ಹೊತ್ತು ಹಿಡಿಯಿತು.

ಎಲ್ಲ ಮುಗಿಯುತ್ತ ಬಂದಾಗ ಯಜಮಾನರ ಮನೆಯ ಕಡೆಯಿಂದ ಸೈರನ್ ಬಡಿಯಿತು. ಎಲ್ಲರೂ ತಿರುಗಿ ನೋಡಿದರು. ಉದ್ದಕ್ಕೆ, ನಿಲ್ಲದೆ ಬಡಿಯುತ್ತಲೇ ಇತ್ತು. ನಾವು ಹೋಗಿ ನೋಡಿದರೆ ಮುಚ್ಚಳ ತೆರೆದಿತ್ತು. ಮಹದೇವಪ್ಪನವರು ಕತ್ತರಿಸಿದ ಕಂಕಣವನ್ನು ಅಂಗೈಯಲ್ಲಿ ಹಿಡಿದು ಬಾಕ್ಸಿನ ಮುಂದೆ ನಿಂತಿದ್ದರು. ತಾವೇ ಆಫ್ ಮಾಡಿ ಆನ್ ಮಾಡಿದ್ದರು. ಗುಂಡಿ ಅವರ ಕೈಗೆಟುಕುವಲ್ಲೇ ಇತ್ತು. ಒತ್ತಲಿಲ್ಲ. ನಮ್ಮ ಕಡೆ ನೋಡಲೂ ಇಲ್ಲ. ಗೆದ್ದೆ ಎಂದು ಹೇಳಬಹುದಾದ ಒಂದು ಗಳಿಗೆ ಅಲ್ಲಿತ್ತು. ಅದನ್ನು ಅಲ್ಲೇ ಬಿಟ್ಟು, ತಿರುಗಿ ಗೌಡರ ಮಂಚದ ಕಡೆ ನಡೆದೆ.

ಮಧು ಕೋಡು ತಿದ್ದಿದ. ಗುಂಡಿ ಒತ್ತಿದರೆ ಈಗ ಸೈರನ್ನಿನ ದನಿ ಮಾತ್ರ ನಿಲ್ಲುತ್ತದೆ, ಅದೂ ಒಂದು ಬ್ಯಾರನ್ನಿನ ಪಾಲಿಗೆ. ಮೇಲಂತಸ್ತಿಗೆ ಯಾರೂ ಕೈ ಹಾಕುವಂತಿಲ್ಲ. ಅದು ಪ್ರತಿ ಸಲ ಕೆಳಗಿನದನ್ನು ನೋಡಿಯೇ ಹುಟ್ಟಬೇಕು. ಎರಡು ಸೆನ್ಸರ್, ಮೂರು ಸೆನ್ಸರ್, ಎಲ್ಲವನ್ನೂ ಕಾಯಿಸಿ, ತಣಿಸಿ, ಹಿಂದುಮುಂದಾಗಿ ಪರೀಕ್ಷಿಸಿದೆವು. ತಪ್ಪು ಸಿಗಲಿಲ್ಲ. ಎಚ್.ಡಿ. ಕೋಟೆಯ ಕಡೆಯಿಂದ ಇಂಥದ್ದೇ ಬಾಕ್ಸು ಬೇಕೆಂದು ಫೋನುಗಳು ಬರತೊಡಗಿದವು.

ಹಂಗಾಮಿನ ಕೊನೆಗೆ ಹೊರಡುವ ಮುಂಚೆ ನಿಂಗೇಗೌಡರನ್ನು ನೋಡಲು ಹೋದೆವು. ಊರಿನೊಳಗಿನ ತಮ್ಮನ ಮನೆಯ ಜಗಲಿಯ ಮೇಲೆ ಕೂತಿದ್ದರು. ಪ್ಲಾಸ್ಟರ್ ತೆಗೆದಿದ್ದರು, ಕಾಲು ಬಿಳಿಚಿಕೊಂಡು ಕಡ್ಡಿಯಾಗಿತ್ತು. ಉರಿಯ ಝಳಕ್ಕೆ ಸುಟ್ಟ ಹುಬ್ಬು ಇನ್ನೂ ಸರಿಯಾಗಿ ಹುಟ್ಟಿರಲಿಲ್ಲ. ಬ್ಯಾರನ್ ಮತ್ತೆ ಕಟ್ಟಿಸಲು ಇಟ್ಟಿಗೆ ಬಂದಿತ್ತು.

ಆದದ್ದನ್ನೆಲ್ಲ ಅವರಿಗೆ ಹೇಳಲೇಬೇಕು ಎಂದು ನಾನು ಹಟ ಹಿಡಿದಿದ್ದೆ. ಗುಳಿಗಳು, ಅಂತಸ್ತು, ಗುಂಡಿ, ಆ ಒಂದು ಇಫ್, ಎಲ್ಲ ಬಿಡಿಸಿ ಹೇಳಿದೆ. ಕೇಳಿಸಿಕೊಂಡರು.

"ಅಂಗಾರೆ ನಾ ಉರೀತಿದ್ರೂ ಅದು ಬಡೀತಿರ್ನಿಲ್ಲ ಅನ್ನು."

"ಇಲ್ಲ."

"ಅಂಗಾ ಇಸ್ಯ" ಎಂದರು, ತಲೆಯಾಡಿಸುತ್ತ. "ನಂಗ್ ವಾಸ್ನೆ ಬಂತು ಕಣವ್ವ, ನೀವ್ ಬರೋಕ್ಕೆ ಬೋ ಹೊತ್ ಮುಂಚೆನೇ. ಹತ್ಕಂಡದೆ ಅಂತ ಅನ್ನುಸ್ತು. ಕೂಗಾನ ಅಂತ ಬಾಯಿ ತಗ್ದೆ. ಆಮ್ಯಾಕೆ, ಸೈರನ್ ಬಡೀಲಿಲ್ವಲ್ಲ, ಏನೂ ಇರಾಕಿಲ್ಲ ಬುಡು, ನನ್ ಮೂಗಿಗೇ ಏನೋ ಆಗದೆ ಅಂತ ಸುಮ್ಕಾದೆ."

ತಾಯಮ್ಮ ಒಳಗಿನಿಂದ ಕಾಫಿ ತಂದಿಟ್ಟರು. ಮಧು ಲೋಟ ಮುಟ್ಟಲಿಲ್ಲ.

"ಗೌಡ್ರೇ," ಎಂದೆ. "ವಾಸನೆ ಬಂದರೆ ಕೂಗಬೇಕು. ಬಾಕ್ಸು ಏನೇ ಹೇಳಲಿ."

"ಈಗ ಸರಿ ಮಾಡಿದೀರಲ್ಲ?"

"ಮಾಡಿದೀವಿ."

"ಪೂರ್ತಿ?"

ಮಧು ನನ್ನ ಕಡೆ ನೋಡಿದ. ನಾವು ಪರೀಕ್ಷಿಸಿದ್ದೆಲ್ಲ ಪಾಸಾಗಿತ್ತು. ಪರೀಕ್ಷಿಸದೆ ಇದ್ದದ್ದು ಏನೆಂದು ನಮಗೆ ಗೊತ್ತಿರಲಿಲ್ಲ.

"ಗೊತ್ತಿದ್ದಷ್ಟೂ ಮಾಡಿದೀವಿ" ಎಂದ ಮಧು.

ಗೌಡರಿಗೆ ಅಷ್ಟು ಸಾಕಾಯಿತು. ಮುಖ ಅರಳಿತು. ಬಿಳಿಚಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಜಗಲಿಯ ಮೇಲೆ ಚಾಚಿಟ್ಟುಕೊಂಡು, ಗೋಡೆಗೆ ಒರಗಿದರು.

"ಆಯ್ತು ಬುಡ್ರಪ್ಪಾ. ಮುಂದ್ಲೊರ್ಸ ನಾನು ಮೂಸಾಕೇ ಓಗಾಕಿಲ್ಲ."